ಅವ್ವನ ಬಿಪಿಗೆ ಇಂಗ್ಲಿಷ್ ಬರುವುದಿಲ್ಲ!

ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂತ ರೋಣದ ಹುಡುಗರೇ, ನರಗುಂದದ, ಗಜೇಂದ್ರಗಡದ ಗೆಳೆಯರೇ, ಮುಂದಿನ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಚಹಾದ ಜೊತೆ ತಿನ್ನುವ ಬಿಸ್ಕತ್ತಿನ ಪ್ಯಾಕೆಟ್ಟನ್ನು ಅವ್ವನ ಕೈಗೆ ಕೊಟ್ಟು ಕೇಳಿ: "ಅವ್ವಾ, ಇದರಾಗ ಉಪ್ಪು, ಸಕ್ಕರಿ ಎಷ್ಟೈತಿ, ಓದಿ ಹೇಳು."

ಆಕೆ ಓದಲಾರಳು. ಕನ್ನಡ ಶಾಲೆಯಲ್ಲಿ ಏಳನೇತ್ತೆ ಪಾಸಾದವಳೂ ಓದಲಾರಳು! ಯಾಕೆಂದರೆ ಕೇಂದ್ರದ 2020ರ ಆಹಾರ ಲೇಬಲ್ ನಿಯಮ ಹೇಳುವುದಿಷ್ಟು: ವಿವರ ಇಂಗ್ಲಿಷಿನಲ್ಲಿರಲಿ, ಇಲ್ಲವೇ ದೇವನಾಗರಿ ಹಿಂದಿಯಲ್ಲಿರಲಿ. ಬೇರೆ ಭಾಷೆ ಜೊತೆಗೆ ಹಾಕಿದರೆ ಅಡ್ಡಿಯಿಲ್ಲ. ಅಡ್ಡಿಯಿಲ್ಲವಂತೆ! ನಮ್ಮ ನೆಲದಲ್ಲಿ, ನಮ್ಮ ದುಡ್ಡಿಗೆ ಮಾರುವ ಸರಕಿನ ಮೇಲೆ ಕನ್ನಡಕ್ಕೆ ಸಿಕ್ಕಿದ್ದು ಈ ಭಿಕ್ಷೆ.

ಇದು ಬರೀ ಅಕ್ಷರದ ಜಗಳವಲ್ಲ. ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಚ್ಚಾದ ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ, ರಕ್ತದೊತ್ತಡ ಏರುತ್ತದೆ. ನೋವಿಲ್ಲ, ಜ್ವರವಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಒಂದು ಬೆಳಿಗ್ಗೆ ಲಕ್ವ ಹೊಡೆಯುತ್ತದೆ, ಇಲ್ಲವೇ ಕಿಡ್ನಿ ಕೈಕೊಡುತ್ತದೆ. ಸಕ್ಕರೆ ಕಾಯಿಲೆಯೂ ಹೀಗೇ ಸದ್ದಿಲ್ಲದೆ ಬರುವಂಥದ್ದು. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಅದಿದೆ ಎಂದು ಐಸಿಎಂಆರ್ ಅಧ್ಯಯನ 2023ರಲ್ಲೇ ಹೇಳಿತು.

ಹಪ್ಪಳ, ಉಪ್ಪಿನಕಾಯಿ, ಮಿರ್ಚಿ ಭಜಿಯ ಪಾಪ ನಮ್ಮದೇ. ಅದಕ್ಕೆ ದಿಲ್ಲಿಯನ್ನು ಬೈಯುವುದು ಬೇಡ. ಆದರೆ ಅಲ್ಲಿ ಉಪ್ಪು ಹಾಕುವುದು ಅವ್ವನ ಕೈ. ಡಾಕ್ಟರು ಹೇಳಿದರೆ ಆ ಕೈ ಬಿಗಿಯಾಗುತ್ತದೆ. ಪ್ಯಾಕೆಟ್ಟಿನಲ್ಲಿ ಉಪ್ಪು 'ಸೋಡಿಯಂ' ಎಂಬ ಹೆಸರಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಅಡಗಿ ಕೂತಿದೆ. 2000 ಮಿಲಿಗ್ರಾಂ ಸೋಡಿಯಂ ಎಂದರೆ 5 ಗ್ರಾಂ ಉಪ್ಪು! ಸಕ್ಕರೆಗೆ 'ಇನ್ವರ್ಟ್ ಸಿರಪ್' ಎಂಬ ವೇಷ. ಇಂಜಿನಿಯರಿಂಗ್ ಓದಿದ ನಿಮಗೇ ಇದು ಗೊತ್ತಿತ್ತೇ?

ಇಲ್ಲಿ ತಯಾರಾಗಿ ಇಲ್ಲೇ ಮಾರುವ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎನ್ನುತ್ತದೆ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ. ಹೆಸರು ಓದಿದರೆ ಬಿಪಿ ಇಳಿಯುತ್ತದೆಯೇ ಸ್ವಾಮಿ? ಹೊರರಾಜ್ಯದಿಂದ ಬಂದ ಪ್ಯಾಕೆಟ್ಟಿಗೆ ಯಾವ ಬೇಲಿ?

1980ರಲ್ಲಿ ನೀರಿನ ಕರದ ವಿರುದ್ಧ ನರಗುಂದ ಎದ್ದು ನಿಂತಿತು. 1983ರ ಚುನಾವಣೆಯಲ್ಲಿ ಆ ಸರ್ಕಾರವೇ ಉಳಿಯಲಿಲ್ಲ. ಆ ರೈತರ ಮೊಮ್ಮಕ್ಕಳು ಈಗ ಕೇಳಬೇಕಾದ್ದು ದೊಡ್ಡದೇನಲ್ಲ: ಕರ್ನಾಟಕದಲ್ಲಿ ಮಾರುವ ಪ್ರತಿ ಪ್ಯಾಕೆಟ್ಟಿನ ಮುಖದ ಮೇಲೆ ಉಪ್ಪು, ಸಕ್ಕರೆ, ಎಣ್ಣೆ ಎಷ್ಟಿದೆ ಎಂಬುದು ದಪ್ಪ ಕನ್ನಡ ಅಕ್ಷರದಲ್ಲಿರಬೇಕು. ನಮ್ಮ ಸಂಸದರು ದಿಲ್ಲಿಗೆ ಹೋಗುವಾಗ ಇದೊಂದು ತಿದ್ದುಪಡಿ ಹಿಡಿದುಕೊಂಡು ಹೋಗಲಿ: 2020ರ ನಿಯಮದಲ್ಲಿ 'ಅಡ್ಡಿಯಿಲ್ಲ' ಎಂಬುದನ್ನು ಅಳಿಸಿ 'ಕಡ್ಡಾಯ' ಎಂದು ಬರೆಯಿರಿ.