ಕೊನೆಯ ಅಂಕಿಯ ಜಗಳ

ಎಲ್‌ಎಚ್‌ಸಿ ಯಂತ್ರದ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಒಂದನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ. ಬರೆದವಳು ಏಳನೇ ತರಗತಿಯ ಹುಡುಗಿ. ಕೇಳಿದ್ದು ಒಂದೇ ಸಾಲು: ‘ಅಷ್ಟು ದೊಡ್ಡ ಯಂತ್ರ ಕಟ್ಟಿ ಮುಗಿಸಿದ ಮೇಲೆ ಕಣಗಳು ಸರಿಯಾಗಿ ಸುತ್ತದೇ ಹೋಗಿದ್ದರೆ ಏನು ಮಾಡುತ್ತಿದ್ದರು?’ ದೊಡ್ಡವರು ಬರೆದ ಪತ್ರಗಳಲ್ಲಿ ಖರ್ಚೆಷ್ಟು, ಉಪಯೋಗವೇನು ಎಂಬ ವಿಚಾರಣೆಯೇ ಹೆಚ್ಚು. ನನಗೆ ಈ ಪ್ರಶ್ನೆ ಹಿಡಿಸಿತು.

ಹಿಂದಿನ ಲೇಖನ ಓದದವರಿಗಾಗಿ ಎರಡು ಮಾತು. ಜಿನೀವಾ ನಗರದ ಹತ್ತಿರ, ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಗಡಿಯಲ್ಲಿ ಸರ್ನ್ ಎಂಬ ಸಂಸ್ಥೆ ಇದೆ. ಅಲ್ಲಿ ನೆಲದಡಿ ಸುಮಾರು 100 ಮೀಟರ್ ಆಳದಲ್ಲಿ 27 ಕಿಲೋಮೀಟರ್ ಸುತ್ತಳತೆಯ ಸುರಂಗ. ಸುರಂಗದೊಳಗೆ ಅಂಗೈಗಿಂತ ಕಿರಿದಾದ ಕೊಳವೆಗಳು. ಕೊಳವೆಯೊಳಗೆ ಪ್ರೋಟಾನ್‌ಗಳು ಸೆಕೆಂಡಿಗೆ 11,245 ಸುತ್ತು ಹಾಕುತ್ತವೆ. ಅವು ಗೊಂಚಲು ಗೊಂಚಲಾಗಿ ಓಡುತ್ತವೆ. ಯಂತ್ರದ ವಿನ್ಯಾಸದ ಪ್ರಕಾರ ಒಂದು ದಿಕ್ಕಿಗೆ 2808 ಗೊಂಚಲು, ಗೊಂಚಲೊಂದರಲ್ಲಿ ಸುಮಾರು 11,500 ಕೋಟಿ ಪ್ರೋಟಾನ್. ಇಷ್ಟೂ ಸೇರಿದ ಕಣಪುಂಜದಲ್ಲಿರುವ ಶಕ್ತಿಗೆ ಅರ್ಧ ಟನ್ ತಾಮ್ರವನ್ನು ಕರಗಿಸುವಷ್ಟು ಬಲ. ಅದು ಕೊಳವೆಯ ಗೋಡೆಗೆ ತಾಗಕೂಡದು. ಒಂದು ಚೂರು ತಾಗಿದರೂ ಸುತ್ತಲಿನ ಅತಿ ತಣ್ಣನೆಯ ಅಯಸ್ಕಾಂತ ಬಿಸಿಯಾಗಿ ಕೆಲಸ ನಿಲ್ಲಿಸುತ್ತದೆ.

ಹತ್ತು ಗಂಟೆ ಹಾಗೆ ಸುತ್ತಬೇಕು. ಲೆಕ್ಕ ಹಾಕಿ ನೋಡಿ, ಸುಮಾರು 40 ಕೋಟಿ ಸುತ್ತು. ನೆಪ್ಚೂನ್ ಗ್ರಹಕ್ಕೆ ಹೋಗಿ ವಾಪಸ್ ಬಂದಷ್ಟು ದೂರ, ಅದೂ ಕೊಳವೆಯ ಗೋಡೆಗೆ ಮೈ ತಾಗಿಸದೆ!

ಪ್ರೋಟಾನ್ ಕೊಳವೆಯ ನಟ್ಟನಡುವೆ ಗೆರೆ ಎಳೆದಂತೆ ಹೋಗುವುದಿಲ್ಲ. ಅಯಸ್ಕಾಂತಗಳು ಅದನ್ನು ನಡುವಿಗೆ ಎಳೆಯುತ್ತವೆ, ಅದು ನಡುಗೆರೆ ದಾಟಿ ಆಚೆ ಹೋಗುತ್ತದೆ, ಮತ್ತೆ ಎಳೆಯುತ್ತವೆ. ಎಲ್‌ಎಚ್‌ಸಿಯಲ್ಲಿ ಹೀಗೆ ಒಂದು ಸುತ್ತಿಗೆ ಸುಮಾರು 64 ಸಲ ಎಡಬಲಕ್ಕೆ ತೂಗಾಡುತ್ತದೆ. ಸರಿಯಾಗಿ 64 ಅಲ್ಲ, 64ರ ಮೇಲೆ ಇನ್ನೊಂದಿಷ್ಟು. ಆ ಇನ್ನೊಂದಿಷ್ಟು ಬಹಳ ಮುಖ್ಯ. ನಾಗರ ಪಂಚಮಿಯ ಜೋಕಾಲಿ ನೆನೆಸಿಕೊಳ್ಳಿ. ಜೋಕಾಲಿ ಹಿಂದೆ ಬಂದಾಗಲೆಲ್ಲ ಅದೇ ಕ್ಷಣಕ್ಕೆ ಸಣ್ಣಗೆ ನೂಕುತ್ತಾ ಹೋದರೆ ಸಾಕು, ಸ್ವಲ್ಪ ಹೊತ್ತಿಗೆ ಮಾವಿನ ಕೊಂಬೆ ಮುಟ್ಟುತ್ತದೆ. ಪ್ರೋಟಾನ್ ಸರಿಯಾಗಿ 64 ಸಲ ತೂಗಾಡಿದರೆ, ದಾರಿಯಲ್ಲೆಲ್ಲೋ ಇರುವ ಒಂದು ಅಯಸ್ಕಾಂತದ ಸಣ್ಣ ದೋಷ ಪ್ರತಿ ಸುತ್ತಿನಲ್ಲೂ ಅದನ್ನು ಅದೇ ಹೊತ್ತಿಗೆ ನೂಕುತ್ತದೆ. ಸೆಕೆಂಡಿಗೆ 11,245 ನೂಕು. ಅದಕ್ಕೇ ಲೆಕ್ಕವನ್ನು ಬೇಕೆಂದೇ ಕೊಂಚ ತಪ್ಪಿಸಿ ಇಟ್ಟಿರುತ್ತಾರೆ.

ದೋಷವಿಲ್ಲದ ಅಯಸ್ಕಾಂತ ಮಾಡಿದರಾಯಿತಲ್ಲ ಎನ್ನಬೇಡಿ. ಕಣಗಳ ದಾರಿಯನ್ನು ಬಾಗಿಸುವ ಅಯಸ್ಕಾಂತಗಳೇ 1232. ಒಂದೊಂದೂ 15 ಮೀಟರ್ ಉದ್ದ. ಒಂದೇ ಅಚ್ಚಿನಲ್ಲಿ ತೆಗೆದ ಇಡ್ಲಿಗಳೂ ಒಂದರಂತೆ ಒಂದು ಇರುವುದಿಲ್ಲ, ಇನ್ನು ಇವು ಹೇಗಿರುತ್ತವೆ? ದೋಷವನ್ನು ಅಳೆದು, ಅದನ್ನು ತಿದ್ದುವ ಪುಟ್ಟ ಅಯಸ್ಕಾಂತಗಳನ್ನು ಜೊತೆಗೆ ಕೂರಿಸಬೇಕು. ಅಂಥ ತಿದ್ದುವ ಅಯಸ್ಕಾಂತಗಳಲ್ಲಿ ಸಾವಿರಕ್ಕೂ ಹೆಚ್ಚು ನಮ್ಮ ದೇಶದಿಂದಲೇ ಹೋದವು. ದೊಡ್ಡ ಅಯಸ್ಕಾಂತಗಳನ್ನು ಹೊತ್ತು, ಕೂದಲೆಳೆಯಷ್ಟು ನಿಖರವಾಗಿ ಸರಿಸಿ ನಿಲ್ಲಿಸುವ ಸಾವಿರಾರು ಜಾಕ್‌ಗಳೂ ಭಾರತದವೇ.

ಇಷ್ಟಾದ ಮೇಲೂ ಪ್ರೋಟಾನ್ ಉಳಿಯುತ್ತದೆಯೇ? ಕಟ್ಟುವ ಮುಂಚೆ ತಿಳಿಯಲು ಇದ್ದದ್ದು ಒಂದೇ ದಾರಿ, ಯಂತ್ರವನ್ನು ಕಂಪ್ಯೂಟರಿನೊಳಗೆ ಕಟ್ಟಿ ಓಡಿಸುವುದು. ಸರ್ನ್‌ನ ಫ್ರಾಂಕ್ ಶ್ಮಿಟ್ ಬರೆದು ಬೆಳೆಸಿದ ‘ಸಿಕ್ಸ್‌ಟ್ರ್ಯಾಕ್’ ಎಂಬ ಸಾಫ್ಟ್‌ವೇರ್ ಮಾಡುವುದು ಅದನ್ನೇ. ಅದರ ಕಣ್ಣಿಗೆ ಒಂದು ಪ್ರೋಟಾನ್ ಅಂದರೆ ಬರೀ ಆರು ಸಂಖ್ಯೆ. ಎಡಬಲದಲ್ಲಿ ಎಲ್ಲಿದೆ, ಎಷ್ಟು ಓರೆಯಾಗಿ ಹೊರಟಿದೆ, ಮೇಲೆ ಕೆಳಗೆ ಎಲ್ಲಿದೆ, ಎಷ್ಟು ಓರೆ, ಗೊಂಚಲಿನಲ್ಲಿ ಮುಂದಿದೆಯೋ ಹಿಂದೋ, ಶಕ್ತಿ ಎಷ್ಟು. ಹೆಸರಿನಲ್ಲಿರುವ ‘ಸಿಕ್ಸ್’ ಈ ಆರೇ. ಉಂಗುರವನ್ನು ಹೂವಿನ ಹಾರದಂತೆ ಭಾವಿಸಿ. ಒಂದೊಂದು ಹೂವೂ ಒಂದು ಅಯಸ್ಕಾಂತ. ಹೂವು ಸಿಕ್ಕಾಗ ಆರು ಸಂಖ್ಯೆಗಳಿಗೆ ಒಂದು ಸಣ್ಣ ಪೆಟ್ಟು, ಮಧ್ಯದ ದಾರದಲ್ಲಿ ನೇರ ಓಟ. ಹಾರ ಮುಗಿದರೆ ಮತ್ತೆ ಮೊದಲಿನಿಂದ. ಇಷ್ಟೇ ಕೆಲಸ. ಆದರೆ ಮುಗಿಯುವ ಕೆಲಸವಲ್ಲ.

ಎಲ್ಲ ಪ್ರೋಟಾನ್‌ಗಳನ್ನೂ ಹೀಗೆ ಓಡಿಸಲು ಜಗತ್ತಿನ ಕಂಪ್ಯೂಟರುಗಳೆಲ್ಲ ಸೇರಿದರೂ ಸಾಲದು. ಒಂದು ಸಲಕ್ಕೆ 60 ಕಣ, ಒಂದು ಲಕ್ಷ ಸುತ್ತು, ಕೆಲವೊಮ್ಮೆ ಹತ್ತು ಲಕ್ಷ. ಲಕ್ಷ ಸುತ್ತೆಂದರೆ ನಿಜವಾದ ಯಂತ್ರದಲ್ಲಿ ಒಂಬತ್ತು ಸೆಕೆಂಡು! ಹತ್ತು ಗಂಟೆಯ ಪ್ರಶ್ನೆಗೆ ಒಂಬತ್ತು ಸೆಕೆಂಡಿನ ಉತ್ತರ. ಆದ್ದರಿಂದ ಒಂದು ಉಪಾಯ ಮಾಡುತ್ತಾರೆ. ಕಣಗಳನ್ನು ಜೋಡಿ ಜೋಡಿಯಾಗಿ, ಅವಳಿಗಳ ಹಾಗೆ, ಒಂದರ ಪಕ್ಕ ಒಂದು ಅಂಟಿಕೊಂಡಷ್ಟು ಹತ್ತಿರ ಬಿಡುತ್ತಾರೆ. ನಡುವಿನಲ್ಲಿ ಬಿಟ್ಟ ಅವಳಿಗಳು ಲಕ್ಷ ಸುತ್ತಿನ ನಂತರವೂ ಹೆಚ್ಚುಕಡಿಮೆ ಜೊತೆಯಲ್ಲೇ ಇರುತ್ತವೆ. ಅಂಚಿನ ಕಡೆ ಬಿಟ್ಟವು ಜಾತ್ರೆಯಲ್ಲಿ ಕೈತಪ್ಪಿದ ಅಣ್ಣತಮ್ಮಂದಿರಂತೆ ಬೇಗ ಬೇರೆಯಾಗುತ್ತವೆ. ಬೇರೆಯಾದವು ಗೋಡೆಗೆ ಇನ್ನೂ ಬಡಿದಿರುವುದಿಲ್ಲ, ಆದರೆ ಅವನ್ನು ನಂಬುವಂತಿಲ್ಲ. ಅವಳಿಗಳು ಜೊತೆಯಲ್ಲಿರುವ ಜಾಗದವರೆಗೆ ಸುರಕ್ಷಿತ ಬಯಲು, ಅದರಾಚೆ ಪುಂಡರ ಸೀಮೆ. ಕಣಪುಂಜದ ಗಾತ್ರಕ್ಕಿಂತ ಆ ಬಯಲು ಎಷ್ಟೋ ಪಟ್ಟು ದೊಡ್ಡದಿರಬೇಕು ಎಂದು ಹಟ ಹಿಡಿದೇ ವಿನ್ಯಾಸ ಮಾಡಿದರು. ಒಂಬತ್ತು ಸೆಕೆಂಡಿನ ಲೆಕ್ಕ ನಂಬಿ ಹತ್ತು ಗಂಟೆ ಓಡಿಸಬೇಕಾದವರಿಗೆ ಅಷ್ಟು ಹಟ ಬೇಕು.

ಅವಳಿಗಳು ಬೇರೆಯಾಗುವುದು ಹೇಗೆಂದು ಕ್ಯಾಲ್ಕುಲೇಟರಿನಲ್ಲಿ ನೀವೇ ನೋಡಬಹುದು. 0.4 ತೆಗೆದುಕೊಳ್ಳಿ. ಅದನ್ನು ಒಂದರಿಂದ ಕಳೆದರೆ 0.6. ಎರಡನ್ನೂ ಗುಣಿಸಿ, ಬಂದದ್ದನ್ನು 4ರಿಂದ ಗುಣಿಸಿ: 0.96. ಈಗ 0.96ಕ್ಕೆ ಇದೇ ಮಾಡಿ, ಹೀಗೆ ಮುಂದುವರಿಸಿ. ಪಕ್ಕದಲ್ಲಿ 0.401 ಇಟ್ಟುಕೊಂಡು ಇನ್ನೊಂದು ಸಾಲು ಮಾಡಿ. ಮೊದಮೊದಲು ಎರಡೂ ಜೊತೆಜೊತೆಗೇ ಹೋಗುತ್ತವೆ. ಒಂಬತ್ತನೇ ಸಲಕ್ಕೆ ಮೊದಲನೆಯದು 0.92, ಎರಡನೆಯದು 0.47. ಮೂರನೇ ದಶಮಾಂಶದ ಒಂದೇ ಒಂದು ಅಂಕಿ ಮಾಡಿದ ಕೆಲಸ ಇದು.

ಇನ್ನು ಕಂಪ್ಯೂಟರುಗಳ ಕಥೆ. ಸರ್ನ್‌ಗೆ 50 ವರ್ಷ ತುಂಬಿದ 2004ರಲ್ಲಿ ‘ಎಲ್‌ಎಚ್‌ಸಿ ಅಟ್ ಹೋಮ್’ ಎಂಬ ಯೋಜನೆ ಶುರುವಾಯಿತು. ಜನ ತಮ್ಮ ಮನೆಯ ಕಂಪ್ಯೂಟರ್ ಸುಮ್ಮನೆ ಕೂತಿರುವ ಹೊತ್ತಿನಲ್ಲಿ ಸಿಕ್ಸ್‌ಟ್ರ್ಯಾಕ್ ಲೆಕ್ಕ ಮಾಡಲು ಬಿಟ್ಟುಕೊಡುವುದು. ಅಡಿಗೆ ಮನೆಯಲ್ಲಿ ಸಾರು ಕುದಿಯುವಾಗ ಪಡಸಾಲೆಯಲ್ಲಿ ಪ್ರೋಟಾನ್ ಓಡುವುದು! ನಮ್ಮ ಮನೆಯ ಹಳೆಯ ಕಂಪ್ಯೂಟರೂ ಕೆಲವು ತಿಂಗಳು ಈ ಸೇವೆ ಮಾಡಿದೆ. ಫ್ಯಾನಿನ ಗುಂಯ್‌ಗುಟ್ಟುವಿಕೆ ಮತ್ತು ಕರೆಂಟ್ ಬಿಲ್ಲಿನ ಬಗ್ಗೆ ಮನೆಯವರ ಅಭಿಪ್ರಾಯ ಇಲ್ಲಿ ಬೇಡ.

ಯಾರದೋ ಮನೆಯ ಯಂತ್ರದ ಉತ್ತರವನ್ನು ನಂಬುವುದು ಹೇಗೆ? ಒಂದೇ ಲೆಕ್ಕವನ್ನು ಇಬ್ಬರಿಗೆ ಕೊಟ್ಟು ತಾಳೆ ನೋಡಿದರು. ಅಲ್ಲಿ ತೊಡಕು ಬಂತು. ಅದೇ ಪ್ರೋಗ್ರಾಂ, ಅದೇ ಆರು ಸಂಖ್ಯೆ, ಆದರೂ ಕೆಲವು ಉತ್ತರ ತಾಳೆಯಾಗಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ, ಕಂಪ್ಯೂಟರು ಕೆಟ್ಟಿರಲೂ ಇಲ್ಲ. ಎರಿಕ್ ಮೆಕಿಂಟಾಶ್ ಮತ್ತು ಜೊತೆಗಾರರು ಬೆನ್ನುಹತ್ತಿ ನೋಡಿದಾಗ ಸಿಕ್ಕಿದ್ದು ಕೊನೆಯ ಅಂಕಿ. ಹೈಸ್ಕೂಲಿನಲ್ಲಿ ಸೈನ್, ಕೊಸೈನ್ ಎಂದು ಕಲಿಯುತ್ತೀರಿ. ಅವುಗಳ ಬೆಲೆ ಮುಗಿಯದ ದಶಮಾಂಶ. ಕಂಪ್ಯೂಟರು ಹದಿನಾರು ಅಂಕಿಯ ಸುಮಾರಿಗೆ ಕತ್ತರಿಸಲೇಬೇಕು. ಒಂದು ಕಂಪನಿಯ ಚಿಪ್ ಕತ್ತರಿಸಿದಂತೆ ಇನ್ನೊಂದರದು ಕತ್ತರಿಸುತ್ತಿರಲಿಲ್ಲ. ಅಪರೂಪಕ್ಕೊಮ್ಮೆ ಕೊನೆಯ ಅಂಕಿಯಲ್ಲಿ ಒಂದರ ವ್ಯತ್ಯಾಸ. ದಿನಸಿ ಅಂಗಡಿಗೆ ಅದು ಲೆಕ್ಕಕ್ಕೇ ಇಲ್ಲ. ಲಕ್ಷ ಸುತ್ತು ಹಾಕುವ ಪುಂಡ ಕಣಕ್ಕೆ ಅಷ್ಟೇ ಸಾಕು. ಒಬ್ಬರ ಮನೆಯಲ್ಲಿ ಉಳಿದ ಪ್ರೋಟಾನ್ ಇನ್ನೊಬ್ಬರ ಮನೆಯಲ್ಲಿ ಗೋಡೆಗೆ ಬಡಿಯಿತು.

ಸಣ್ಣ ವ್ಯತ್ಯಾಸ, ಹೋಗಲಿ ಬಿಡಿ ಎನ್ನಬಹುದಿತ್ತು. ಹಾಗೆ ಬಿಟ್ಟಿದ್ದರೆ ಮುಂದೆ ನಿಜವಾಗಿ ಕೆಟ್ಟ ಉತ್ತರ ಬಂದಾಗ ಗುರುತಿಸುವ ದಾರಿ ಇರುತ್ತಿರಲಿಲ್ಲ. ಫ್ರಾನ್ಸಿನ ಲಿಯೋನ್ ನಗರದ ಗಣಿತಜ್ಞರು, ಕಂಪ್ಯೂಟರ್ ವಿಜ್ಞಾನಿಗಳು ಕೊನೆಯ ಅಂಕಿಯನ್ನೂ ಸಾಬೀತುಪಡಿಸಿ ಸರಿಯಾಗಿ ಕತ್ತರಿಸುವ ಸಾಫ್ಟ್‌ವೇರ್ ಒಂದನ್ನು ಮಾಡಿದ್ದರು. ಅದನ್ನು ಸಿಕ್ಸ್‌ಟ್ರ್ಯಾಕ್ ಒಳಗೆ ಸೇರಿಸಿದರು. ಆಮೇಲೆ ಯಾವ ಚಿಪ್ಪಾದರೂ ಉತ್ತರ ಅಂಕಿಗೆ ಅಂಕಿ ಒಂದೇ. ಕಣದ ಭೌತವಿಜ್ಞಾನಕ್ಕಿಂತ ಈ ಕೆಲಸಕ್ಕೇ ನಾನು ಹೆಚ್ಚು ತಲೆಬಾಗುತ್ತೇನೆ. ಯಾರ ಕಣ್ಣಿಗೂ ಬೀಳದ ಕೆಲಸ ಅದು.

2008ರ ಸೆಪ್ಟೆಂಬರ್ 10ರಂದು ನಿಜವಾದ ಪ್ರೋಟಾನ್‌ಗಳನ್ನು ಉಂಗುರಕ್ಕೆ ಬಿಟ್ಟರು. ಅವು ಪೂರ್ತಿ ಸುತ್ತು ಬಂದವು. ಒಂಬತ್ತು ದಿನದ ನಂತರ ಯಂತ್ರ ಕೆಟ್ಟಿತು, ಅದೂ ಪ್ರೋಟಾನ್ ಓಡದಿದ್ದಾಗ. ಎರಡು ಅಯಸ್ಕಾಂತಗಳ ನಡುವಿನ ವಿದ್ಯುತ್ ತಂತಿಯ ಒಂದು ಬೆಸುಗೆ ಸರಿಯಿರಲಿಲ್ಲ. ಅದು ಕರಗಿ, ಹೀಲಿಯಂ ನುಗ್ಗಿ, 53 ಅಯಸ್ಕಾಂತಗಳನ್ನು ಸುರಂಗದಿಂದ ಮೇಲಕ್ಕೆ ತರಬೇಕಾಯಿತು. ಸಿಕ್ಸ್‌ಟ್ರ್ಯಾಕ್‌ನ ಹಾರದಲ್ಲಿ ಬೆಸುಗೆ ಎಂಬ ಹೂವೇ ಇರಲಿಲ್ಲ. ಪ್ರೋಟಾನ್ ಮತ್ತೆ ಸುತ್ತಿದ್ದು 2009ರ ನವೆಂಬರಿನಲ್ಲಿ. ಪತ್ರ ಬರೆದ ಹುಡುಗಿಗೆ ನನ್ನ ಉತ್ತರ ಇದು: ಕಣಗಳು ಸುತ್ತುತ್ತವೆಂದು ಮೊದಲೇ ಗೊತ್ತಿತ್ತು, ಬೆಸುಗೆಯದು ಗೊತ್ತಿರಲಿಲ್ಲ.

ರಜೆಯಲ್ಲಿ ಹೊತ್ತು ಹೋಗದಿದ್ದರೆ ಒಂದು ಕೆಲಸ ಮಾಡಿ. 0.4ರ ಸಾಲನ್ನೇ ಎಂಟು ಅಂಕಿ ತೋರಿಸುವ ಅಂಗಡಿ ಕ್ಯಾಲ್ಕುಲೇಟರಿನಲ್ಲಿ ಒಬ್ಬರು, ಮೊಬೈಲಿನದರಲ್ಲಿ ಒಬ್ಬರು ಮಾಡಿ. ತೋರಿಸಿದ ಅಂಕಿಗಳಲ್ಲಿ ಒಂದನ್ನೂ ಬಿಡದೆ ಬರೆದುಕೊಂಡು ನಲವತ್ತು ಸಲ ಮುಂದುವರಿಸಿ. ಎಷ್ಟನೇ ಸಲಕ್ಕೆ ಜಗಳ ಶುರುವಾಯಿತು ಎಂದು ನನಗೆ ಬರೆದು ತಿಳಿಸಿ.