ಕಾರ್ಡು ಬೀರುವಿನಲ್ಲಿ, ಬೀಪಿ ಮೈಯಲ್ಲಿ

ಆಯುಷ್ಮಾನ್ ಕಾರ್ಡು ಐತೆ, ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಬತ್ತದೆ ಅಂತ ನಿಶ್ಚಿಂತೆಯಾಗಿದ್ದೀವಲ್ಲ ಅಕ್ಕಂದಿರೇ? ಅದು ಆಸ್ಪತ್ರೆ ಸೇರಿದ ಮೇಲಿನ ದುಡ್ಡು. ದಿನಾ ನುಂಗೋ ಬೀಪಿ ಮಾತ್ರೆಗಲ್ಲ.

ಮುಳಬಾಗಿಲ ನಮ್ಮ ನಾದಿನಿ ಮಾತ್ರೆ ಮುಗಿದು ಎರಡು ತಿಂಗಳು ಸುಮ್ನಿದ್ಲು. ತರೋಕೋದ್ರೆ ಒಂದಿನದ ಕೂಲಿ ಹೋಯ್ತದೆ ಅಂತ. ಲಕ್ವ ಹೊಡೀತು. ಕಾರ್ಡು ಬಿಲ್ಲು ಕಟ್ತು, ಎಡಗೈ ವಾಪಸ್ ಕೊಡ್ಲಿಲ್ಲ. ಈಗ ಮುದ್ದೆ ತಿರುವೋದು ಅವಳ ಮಗಳು.

ಮೂವತ್ತು ದಾಟಿದೋರ ಬೀಪಿ, ಸಕ್ಕರೆ ಮನೇಗೇ ಬಂದು ನೋಡೋ ಗೃಹ ಆರೋಗ್ಯ 2024ರಲ್ಲಿ ಸುರುವಾಗಿದ್ದೇ ನಮ್ಮ ಕೋಲಾರ ಜಿಲ್ಲೇಲಿ. ಒಂದ್ಸಲ ಬಂದು ಬರ್ಕೊಂಡು ಹೋದ್ರೆ ಸಾಲದು, ಮಾತ್ರೆ ತಿಂಗ್ಳಾ ತಿಂಗ್ಳಾ ಬರ್ಬೇಕು. ಮಾಲೂರಾಗ್ಲಿ, ಶ್ರೀನಿವಾಸಪುರವಾಗ್ಲಿ, ಓಟಿಗೆ ಬಂದೋರ್ನ ನಿಲ್ಸಿ ಕೇಳಿ: ಬಿದ್ದ ಮೇಲೆ ಲಕ್ಷ ಕೊಡೋರು, ಬೀಳದಂಗೆ ಮಾತ್ರೆ ಯಾಕೆ ಕೊಡಲ್ಲ?