ಅದಿರಿಗೆ ಲೆಕ್ಕವುಂಟು, ಮಾದರಿಗೆ ನೆಲೆಯಿಲ್ಲ

ಬೆಂಗಳೂರು: ಕೋಲಾರ ಚಿನ್ನದ ಗಣಿಯ ತ್ಯಾಜ್ಯದ ದಿಬ್ಬಗಳಿಗೆ ಮತ್ತೆ ಬೆಲೆ ಬಂದಿದೆ. ಸಾವಿರ ಎಕರೆಗೂ ಮಿಕ್ಕ ಜಾಗದಲ್ಲಿ ಹರಡಿರುವ 13 ದಿಬ್ಬಗಳಲ್ಲಿ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಎಷ್ಟು ಚಿನ್ನ ಸಿಕ್ಕೀತು, ಎಷ್ಟು ಮಂದಿಗೆ ಉದ್ಯೋಗ ದೊರೆತೀತು ಎಂಬ ಚರ್ಚೆ ಸಹಜವೇ. ಆದರೆ ಯಾರೂ ಕೇಳದೆ ಉಳಿದ ಪ್ರಶ್ನೆಯೊಂದಿದೆ. ಮುಚ್ಚಿದ ಗಣಿಗಳ ಒಡಲಲ್ಲಿ ಏನಿತ್ತು ಎಂಬುದಕ್ಕೆ ಸಾಕ್ಷಿ ನುಡಿಯುವ ಕಲ್ಲುಗಳು ನಾಡಿನಲ್ಲಿ ಎಷ್ಟು ಉಳಿದಿವೆ?

ದಿಬ್ಬಗಳಲ್ಲಿರುವುದು ಹಿಟ್ಟಿನಂತೆ ಅರೆದ ಶಿಲೆ. ಅದರಿಂದ ಚಿನ್ನದ ಕಣಗಳನ್ನು ಮತ್ತೆ ಸೋಸಬಹುದು. ಬೆಣಚುಕಲ್ಲಿನ ಎಳೆಯಲ್ಲಿ ಚಿನ್ನ ಹೇಗೆ ಕೂತಿತ್ತು, ಅದರ ಜತೆ ಯಾವ ಖನಿಜಗಳಿದ್ದವು ಎಂಬುದನ್ನು ಕಣ್ಣಾರೆ ಕಾಣಲಾಗದು. ಸುಮಾರು 120 ವರ್ಷಗಳಲ್ಲಿ 800 ಟನ್‌ನಷ್ಟು ಚಿನ್ನ ಕೊಟ್ಟ, ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದಿದ್ದ ಆ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಆ ಆಳದಿಂದ ಹಿಂದೆ ಮೇಲೆ ತಂದು ಇಟ್ಟ ಮಾದರಿಗಳಷ್ಟೇ ಈಗ ಗತಿ.

ಹರಡಿರುವ ಸಂಪತ್ತು

ಕರ್ನಾಟಕದ ಶಿಲೆಗಳ ವೈವಿಧ್ಯ ಸಣ್ಣದಲ್ಲ. ಸಂಡೂರು–ಹೊಸಪೇಟೆ ಸೀಮೆಯ ಹೆಮಟೈಟ್ ಮತ್ತು ಮ್ಯಾಂಗನೀಸ್ ಅದಿರು, ಹಟ್ಟಿಯ ಚಿನ್ನ, ಚಿತ್ರದುರ್ಗ ಸಮೀಪದ ಇಂಗಳದಾಳಿನ ತಾಮ್ರದ ಅದಿರು, ಹಾಸನ ಜಿಲ್ಲೆಯ ಬೈರಾಪುರದ ಕ್ರೋಮೈಟ್, ಮೈಸೂರು ಜಿಲ್ಲೆಯ ದೊಡ್ಡಕಾನ್ಯದ ಮ್ಯಾಗ್ನೆಸೈಟ್ – ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಇಂಗಳದಾಳಿನ ಗಣಿ ಸ್ಥಗಿತಗೊಂಡು ವರ್ಷಗಳೇ ಕಳೆದಿವೆ. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಹೊಣೆ ವಹಿಸಿದಾಗ, ಊರೂರು ತಿರುಗಿ ಕಲ್ಲು ಆಯ್ದು ಹೆಸರಿಡುವುದು ಆ ಇಲಾಖೆಯ ಮೂಲ ಕಸುಬಾಗಿತ್ತು. ಅದೇ ಇಲಾಖೆಯ ಇಂದಿನ ರೂಪವಾದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಹೆಸರು ಪತ್ರಿಕೆಗಳಲ್ಲಿ ಕಾಣಿಸುವುದು ಬಹುಪಾಲು ರಾಜಧನ ಮತ್ತು ಅಕ್ರಮ ಸಾಗಣೆಯ ಸುದ್ದಿಗಳಲ್ಲಿ.

ಒರೆಗೆ ಹಚ್ಚುವ ವಿದ್ಯೆ

ಖನಿಜವನ್ನು ಗುರುತಿಸಲು ಎಲ್ಲ ಸಂದರ್ಭಗಳಲ್ಲೂ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಅಕ್ಕಸಾಲಿಗನ ಒರೆಗಲ್ಲಿನ ತತ್ತ್ವವೇ ಇಲ್ಲಿಯೂ ನಡೆಯುತ್ತದೆ. ಮೆರುಗಿಲ್ಲದ ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಕಲ್ಲನ್ನು ಉಜ್ಜಿದರೆ ಹೆಮಟೈಟ್ ಕೆಂಗಂದು ಗೆರೆ ಬಿಡುತ್ತದೆ, ಮ್ಯಾಗ್ನೆಟೈಟ್ ಕಪ್ಪು ಗೆರೆ. ಮ್ಯಾಗ್ನೆಟೈಟ್ ಅಯಸ್ಕಾಂತಕ್ಕೂ ಬಲವಾಗಿ ಅಂಟುತ್ತದೆ. ಚಿನ್ನವೆಂದು ಭ್ರಮೆ ಹುಟ್ಟಿಸುವ ಪೈರೈಟ್ ಹಸಿರುಗಪ್ಪು ಒರೆ ಕೊಟ್ಟು ಸಿಕ್ಕಿಬೀಳುತ್ತದೆ. ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಗಡಸುತನದ ಮಾಪಕದಲ್ಲಿ ಅದಕ್ಕೆ ಆರಕ್ಕೂ ಹೆಚ್ಚು ಅಂಕ, ಮೆತ್ತನೆಯ ಚಿನ್ನಕ್ಕೆ ಮೂರೂ ಇಲ್ಲ.

ಆದರೆ ಈ ಪರೀಕ್ಷೆಗಳಿಗೂ ಮಿತಿಯಿದೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದಲ್ಲಿ 1,600 ಟನ್ ಲಿಥಿಯಂ ಇರಬಹುದೆಂಬ ಪ್ರಾಥಮಿಕ ಅಂದಾಜನ್ನು ಅಣು ಖನಿಜ ನಿರ್ದೇಶನಾಲಯದ ಸಮೀಕ್ಷೆ ಆಧರಿಸಿ ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿತು. ಲಿಥಿಯಂ ಹೊತ್ತ ಸ್ಪೋಡುಮೀನ್ ಖನಿಜವನ್ನು ಪಳಗದ ಕಣ್ಣು ಸಾಮಾನ್ಯ ಫೆಲ್ಡ್‌ಸ್ಪಾರ್ ಎಂದು ಬದಿಗೆಸೆಯುವ ಸಾಧ್ಯತೆಯೇ ಹೆಚ್ಚು. ಒಂದು ಕಾಲಕ್ಕೆ ಬೆಲೆಯಿಲ್ಲದ ಕಲ್ಲು ಮತ್ತೊಂದು ಕಾಲಕ್ಕೆ ದೇಶದ ಅಗತ್ಯವಾಗುತ್ತದೆ. ಹಳೆಯ ಮಾದರಿಗಳನ್ನು ಕಾಪಿಡಬೇಕೆನ್ನಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಊರಿನ ಹೆಸರು ಕಳೆದರೆ

ಮಾದರಿಯ ನಿಜವಾದ ಮೌಲ್ಯ ಅದಕ್ಕೆ ಅಂಟಿಸಿದ ಚೀಟಿಯಲ್ಲಿದೆ. ಯಾವ ಗಣಿ, ಯಾವ ಆಳ, ಯಾವ ದಿನ ಎಂಬ ವಿವರವಿದ್ದರೆ ನೂರು ವರ್ಷಗಳ ಬಳಿಕವೂ ಮರುಪರೀಕ್ಷೆ ಸಾಧ್ಯ. ಬಾಬಾಬುಡನ್‌ಗಿರಿಯ ಖನಿಜವೊಂದಕ್ಕೆ ಮೈಸೂರಿನ ಭೂವಿಜ್ಞಾನಿ ಡಬ್ಲ್ಯು.ಎಫ್. ಸ್ಮೀತ್ ಕಳೆದ ಶತಮಾನದ ಆರಂಭದಲ್ಲಿ 'ಬಾಬಾಬುಡನೈಟ್' ಎಂದು ಹೆಸರಿಟ್ಟಿದ್ದರು. ಮುಂದೆ ಆ ಹೆಸರು ಬಳಕೆಯಿಂದ ಹೋಯಿತು. ಖನಿಜ ಬೇರೆ ಹೆಸರಿನಡಿ ಸೇರಿತು. ಹೆಸರು ತಿದ್ದಿಕೊಳ್ಳಬಹುದು, ಕಳೆದುಹೋದ ನೆಲೆಯನ್ನು ಮತ್ತೆ ಪಡೆಯಲಾಗದು. ಹಸಿರು ಅಭ್ರಕದ ನಡುವೆ ಮಾಣಿಕ್ಯ ಹುದುಗಿದ ನಮ್ಮ ನಾಡಿನ ಕಲ್ಲು ಹೊರದೇಶಗಳ ಮಾರುಕಟ್ಟೆಯಲ್ಲಿ ಸಿಗುತ್ತದೆ. 'ಮೈಸೂರು, ಭಾರತ' ಎಂಬಷ್ಟೇ ವಿಳಾಸ ಹೊತ್ತ ಅಂಥ ಕಲ್ಲು ಅಲಂಕಾರಕ್ಕೆ ಒದಗೀತು, ವಿಜ್ಞಾನಕ್ಕೆ ಅರೆಬರೆ.

ನೆರೆಯ ಮಹಾರಾಷ್ಟ್ರದ ಅನುಭವ ಗಮನಾರ್ಹ. ಪುಣೆ ಸಮೀಪದ ವಾಘೋಲಿ ಕಲ್ಲುಕ್ವಾರಿಗಳ ಕಡುನೀಲಿ ಕ್ಯಾವನ್ಸೈಟ್ ಹರಳುಗಳು ಊರಿನ ಹೆಸರಿನೊಡನೆಯೇ ಜಗತ್ತಿನ ಸಂಗ್ರಹಾಲಯಗಳನ್ನು ಸೇರಿವೆ. ಜಲ್ಲಿಗೆಂದು ಒಡೆದ ಬಂಡೆಯಲ್ಲಿ ಸಿಕ್ಕ ಹರಳು ಜಲ್ಲಿಗಿಂತ ಬೆಲೆಯುಳ್ಳದ್ದೆಂದು ಅಲ್ಲಿನವರು ಅರಿತರು. ದಖನ್ನಿನ ಅದೇ ಕಪ್ಪುಶಿಲೆ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ವರೆಗೆ ಚಾಚಿದೆ. ಇಲ್ಲಿ ಕ್ರಷರ್‌ಗೆ ಹೋಗುವ ಮುನ್ನ ಕಲ್ಲನ್ನು ನೋಡುವವರಾರು?

ಕಾನೂನಿನ ತೊಡಕು

ಆಸಕ್ತ ವಿದ್ಯಾರ್ಥಿಗೂ ದಾರಿ ಸುಗಮವಾಗಿಲ್ಲ. ನಿಯಮಾನುಸಾರವಲ್ಲದೆ ಯಾವುದೇ ಖನಿಜವನ್ನು ಸಾಗಿಸುವುದನ್ನೂ ದಾಸ್ತಾನು ಮಾಡುವುದನ್ನೂ 1957ರ ಗಣಿ ಮತ್ತು ಖನಿಜ ಕಾಯ್ದೆ ನಿಷೇಧಿಸುತ್ತದೆ. ಆ ಕಲಂ ಲಾರಿ ಲೋಡಿಗೂ ಹಿಡಿಗಲ್ಲಿಗೂ ಭೇದವೆಣಿಸಿಲ್ಲ. ಬಳ್ಳಾರಿಯ ಅಕ್ರಮಗಳ ಪ್ರಮಾಣ ಕಂಡ ಸುಪ್ರೀಂ ಕೋರ್ಟ್ 2011ರಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಗಿ ಬಂದ ರಾಜ್ಯದಲ್ಲಿ ಬಿಗಿ ಕಾನೂನು ಅನಿವಾರ್ಯವೂ ಹೌದು. ಸುರಕ್ಷತೆಯ ಪ್ರಶ್ನೆಯೂ ಇದೆ. 2021ರಲ್ಲಿ ಶಿವಮೊಗ್ಗದ ಹುಣಸೋಡು ಮತ್ತು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಸಂಭವಿಸಿದ ಸ್ಫೋಟಗಳ ನೆನಪು ಮಾಸಿಲ್ಲ. ಕ್ವಾರಿಯೊಳಗೆ ಯಾರು ಬೇಕಾದರೂ ಸುತ್ತಿಗೆ ಹಿಡಿದು ನುಗ್ಗಲಿ ಎಂದು ಯಾರೂ ವಾದಿಸಲಾರರು.

ಬೇಕಿರುವುದು ಅನುಮತಿಯ ಒಂದು ಸರಳ ಕ್ರಮ. ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಭೂಪರಂಪರೆ ತಾಣಗಳ ಮಸೂದೆಯ ಕರಡು, ವೈಜ್ಞಾನಿಕ ಮಹತ್ವದ ಶಿಲೆ, ಖನಿಜ, ಪಳೆಯುಳಿಕೆಗಳಿಗೆ ರಕ್ಷಣೆ ನೀಡುವ ಮಾತಾಡಿತು. ಅಧಿಕಾರವೆಲ್ಲ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕೈ ಸೇರುತ್ತದೆಂಬ ಆಕ್ಷೇಪವೂ ತಜ್ಞರಿಂದ ಕೇಳಿಬಂತು. ದೆಹಲಿಯ ಕಾನೂನಿಗೆ ಕಾಯದೆ ರಾಜ್ಯವೇ ಮಾಡಬಹುದಾದ ಕೆಲಸಗಳಿವೆ. ಗುತ್ತಿಗೆದಾರ ವರ್ಷಕ್ಕೊಮ್ಮೆ ನೆಲೆ ನಮೂದಿಸಿದ ಕೆಲವು ಮಾದರಿಗಳನ್ನು ಜಿಲ್ಲಾ ಕಚೇರಿಗೆ ಒಪ್ಪಿಸುವಂತೆ ಮಾಡುವುದು, ಕಾಲೇಜುಗಳಿಗೆ ಮೇಲ್ವಿಚಾರಣೆಯಲ್ಲಿ ಪ್ರವೇಶ ಕೊಡುವುದು ಕಷ್ಟವಲ್ಲ. ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯ ಬಳಕೆಗೆ ಶಿಕ್ಷಣವೂ ಆದ್ಯತೆಯ ಕ್ಷೇತ್ರ. ಗಣಿ ತಾಲ್ಲೂಕಿನ ಪ್ರತಿ ಪ್ರೌಢಶಾಲೆಗೆ ಸ್ಥಳೀಯ ಕಲ್ಲುಗಳ ಪೆಟ್ಟಿಗೆಯೊಂದನ್ನು ಕೊಡಲು ತಗಲುವ ಖರ್ಚು ಆ ನಿಧಿಗೆ ಭಾರವಾಗದು.

ಸಂಡೂರಿನ ಮಗು ಕೆಂಧೂಳನ್ನು ಉಸಿರಾಡುತ್ತಲೇ ಬೆಳೆಯುತ್ತದೆ. ಆ ಧೂಳಿನ ಹೆಸರು ಹೆಮಟೈಟ್ ಎಂದು ತಿಳಿಯುವ ಹಕ್ಕೂ ಅದಕ್ಕಿದೆ. ಅದಿರು ಹಡಗೇರಿ ಹೋದ ಮೇಲೆ, ಗಣಿ ನೀರು ತುಂಬಿ ನಿಂತ ಮೇಲೆ ಹುಡುಕಹೊರಟರೆ ಕೋಲಾರದ ಕಥೆಯೇ ಮರುಕಳಿಸುತ್ತದೆ.